ಆಮ್ಲಜನಕಕ್ಕೆ ಹೆಸರಿಟ್ಟ ಲಾವೋಸಿಯೆ

ಆಮ್ಲಜನಕ ಅನ್ನೋ ಪದವನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಬಿಡಿಸಿ ನೋಡಿದರೆ ಆಮ್ಲವನ್ನು ಹುಟ್ಟಿಸುವುದು ಅಂತ ಅರ್ಥ. ಉಸಿರಾಡುವ ಗಾಳಿಗೂ ಹುಳಿಗೂ ಏನು ಸಂಬಂಧ? ಉತ್ತರ ಫ್ರಾನ್ಸಿನ ಆಂಟ್ವಾನ್ ಲಾವೋಸಿಯೆ ಅವರ ಬದುಕಿನಲ್ಲಿದೆ.

1743ರಲ್ಲಿ ಪ್ಯಾರಿಸಿನ ವಕೀಲರ ಮನೆಯಲ್ಲಿ ಹುಟ್ಟಿದ ಅವರು ಓದಿದ್ದೂ ಕಾನೂನೇ. ಮನಸ್ಸು ಮಾತ್ರ ವಿಜ್ಞಾನದ ಕಡೆಗೇ ಇತ್ತು. 1768ರಲ್ಲಿ ವಿಜ್ಞಾನ ಅಕಾಡೆಮಿಗೆ ಸೇರಿದರು. ಅದೇ ವರ್ಷ, ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಗುತ್ತಿಗೆದಾರರ ಕೂಟದಲ್ಲಿ ಪಾಲು ಕೊಂಡರು. ಅಲ್ಲಿಂದ ಬಂದ ದುಡ್ಡು ಪ್ರಯೋಗಾಲಯಕ್ಕೆ ಒದಗಿತು. 1771ರಲ್ಲಿ ಮರಿ ಆನ್ ಜೊತೆ ಮದುವೆಯಾಯಿತು. ಆಕೆಗೆ ಆಗ ಬರೀ 13 ವರ್ಷ. ಮುಂದೆ ಗಂಡನಿಗಾಗಿ ಇಂಗ್ಲಿಷ್ ಬರಹಗಳನ್ನು ಫ್ರೆಂಚಿಗೆ ತಂದವರೂ, ಅವರ ಪುಸ್ತಕಕ್ಕೆ ಉಪಕರಣಗಳ ಚಿತ್ರ ಬರೆದವರೂ ಆಕೆಯೇ.

1774ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿ ಪ್ಯಾರಿಸಿಗೆ ಬಂದಾಗ, ತಾವು ಕಂಡ ಹೊಸ ಗಾಳಿಯೊಂದರ ವಿಷಯ ಹೇಳಿದರು. ಅದರಲ್ಲಿ ಮೇಣದ ಬತ್ತಿ ಜೋರಾಗಿ ಉರಿಯುತ್ತಿತ್ತು. ಲಾವೋಸಿಯೆ ತಕ್ಕಡಿ ಹಿಡಿದು ತೂಗಿ ತೂಗಿ ನೋಡಿದರು. ವಸ್ತು ಉರಿಯುವಾಗ ಈ ಗಾಳಿಯನ್ನು ಸೇರಿಸಿಕೊಳ್ಳುತ್ತದೆ ಅನ್ನೋದು ಖಚಿತವಾಯಿತು. ಗಂಧಕ, ರಂಜಕ ಉರಿದು ನೀರಿಗೆ ಬಿದ್ದರೆ ಆಮ್ಲವಾಗುತ್ತಿತ್ತು. ಹಾಗಾದರೆ ಎಲ್ಲ ಆಮ್ಲಗಳಿಗೂ ಇದೇ ಮೂಲ ಎಂದುಕೊಂಡರು. ಗ್ರೀಕಿನಲ್ಲಿ ಆಕ್ಸಿಸ್ ಅಂದರೆ ಚೂಪು, ಹುಳಿ; ಜೆನ್ ಅಂದರೆ ಹುಟ್ಟಿಸು. ಹೀಗೆ ಆಕ್ಸಿಜನ್ ಬಂತು. 1787ರಲ್ಲಿ ಮೂವರು ಸಂಗಡಿಗರ ಜೊತೆ ಅವರು ಪ್ರಕಟಿಸಿದ ನಾಮಕರಣ ಪದ್ಧತಿಯಲ್ಲಿ ಆ ಹೆಸರು ಗಟ್ಟಿಯಾಯಿತು.

ಅಷ್ಟರಲ್ಲಿ ಕ್ರಾಂತಿ ಶುರುವಾಯಿತು. ತೆರಿಗೆ ಗುತ್ತಿಗೆದಾರರ ಮೇಲೆ ಜನರಿಗೆ ಮೊದಲಿನಿಂದಲೂ ಸಿಟ್ಟಿತ್ತು. 1794ರ ಮೇ 8ರಂದು ಲಾವೋಸಿಯೆ ಮತ್ತು ಅವರ ಮಾವ ಸೇರಿ 28 ಮಂದಿಯ ತಲೆ ಗಿಲೊಟಿನ್‌ಗೆ ಹೋಯಿತು. ಅವರಿಗಾಗ 50 ವರ್ಷ. ಪ್ರಯೋಗಾಲಯ ನಡೆಸಿದ ದುಡ್ಡೇ ಪ್ರಾಣಕ್ಕೆ ಮುಳುವಾಯಿತು. ಉಳಿದ ಬರಹಗಳನ್ನು ಮುದ್ರಿಸಿ ಹಂಚಿದವರು ಮರಿ ಆನ್.

1810ರಲ್ಲಿ ಹಂಫ್ರಿ ಡೇವಿ, ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂದು ತೋರಿಸಿದರು. ಲಾವೋಸಿಯೆ ಎಣಿಕೆ ತಪ್ಪಿತ್ತು, ಆದರೆ ಹೆಸರು ಆಗಲೇ ಊರೂರು ಸುತ್ತಿತ್ತು. ಜರ್ಮನ್ನರ ಸೌವರ್‌ಶ್ಟೋಫ್, ಜಪಾನಿನ ಸಾನ್ಸೊ, ನಮ್ಮ ಆಮ್ಲಜನಕ, ಎಲ್ಲದರಲ್ಲೂ ಅದೇ ಹುಳಿ ಉಳಿದಿದೆ. ಅದೇ ಪದ್ಧತಿಯಲ್ಲಿ ಬಂದ ಹೈಡ್ರೋಜನ್, ಅಂದರೆ ನಮ್ಮ ಜಲಜನಕ, ಮಾತ್ರ ಸರಿಯಾದ ಹೆಸರು. ಅದು ಉರಿದರೆ ನಿಜವಾಗಿಯೂ ನೀರು ಹುಟ್ಟುತ್ತದೆ.