ಸುಬ್ಬರಾಮ ದೀಕ್ಷಿತರು

ಮನೆತನದ ನಿಧಿಯನ್ನು ಸ್ವಹಸ್ತದಿಂದ ಹೊರತೆಗೆದು ಲೋಕಕ್ಕೆ ಹಂಚಿದ ಮಹನೀಯರು ವಿರಳ. ಎಟ್ಟಯಾಪುರದ ಸುಬ್ಬರಾಮ ದೀಕ್ಷಿತರು ಅಂಥವರಲ್ಲಿ ಅಗ್ರಗಣ್ಯರು.

ಇವರು ಜನಿಸಿದುದು 1839ರಲ್ಲಿ. ಮುತ್ತುಸ್ವಾಮಿ ದೀಕ್ಷಿತರು ದಿವಂಗತರಾದ 4 ವರ್ಷಗಳ ತರುವಾಯ. ಅವರ ಸೋದರರೂ, ಪಿಟೀಲನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದ ಮೊದಲಿಗರಲ್ಲಿ ಒಬ್ಬರೂ ಆದ ಬಾಲುಸ್ವಾಮಿ ದೀಕ್ಷಿತರು ಎಟ್ಟಯಾಪುರದ ಆಸ್ಥಾನದಲ್ಲಿದ್ದರು. ಅವರು ತಮ್ಮ ಮಗಳ ಮಗನಾದ ಸುಬ್ಬರಾಮನನ್ನೇ ದತ್ತು ಸ್ವೀಕರಿಸಿ ವಿದ್ಯೆಯನ್ನು ಧಾರೆಯೆರೆದರು. ಮುಂದೆ ಆ ಆಸ್ಥಾನದ ವಿದ್ವತ್ಪದವಿಯೂ ಇವರಿಗೆ ಲಭಿಸಿತು.

ಆ ಕಾಲದಲ್ಲಿ ಕೃತಿಗಳೆಂದರೆ ಮನೆತನದ ಆಸ್ತಿ. ಗುರುಮುಖದಿಂದ ಶಿಷ್ಯನ ಕಿವಿಗೆ ಬೀಳಬೇಕೇ ಹೊರತು ಪರರ ಕೈಗೆ ಓಲೆ ಸಿಕ್ಕುತ್ತಿರಲಿಲ್ಲ. ವಿದ್ವಾಂಸನೊಬ್ಬನು ಕಾಲವಾದರೆ ಅವನೊಡನೆ ಎಷ್ಟೋ ಹಾಡುಗಳೂ ಚಿತೆಯೇರುತ್ತಿದ್ದುವು. ಈ ನಷ್ಟವನ್ನು ಕಂಡು ಮರುಗಿದವರು ಮದರಾಸಿನ ಚಿನ್ನಸ್ವಾಮಿ ಮೊದಲಿಯಾರರು. ಕ್ರೈಸ್ತಮತೀಯರಾದ ಇವರು ನಮ್ಮ ಕೃತಿಗಳನ್ನು ಯೂರೋಪಿನ ಸ್ವರಲಿಪಿಯಲ್ಲಿ ಬರೆದು ಅಚ್ಚುಹಾಕಿಸಲು ತೊಡಗಿದ್ದರು. ದೀಕ್ಷಿತರ ವಿದ್ಯೆ ಗ್ರಂಥರೂಪಕ್ಕೆ ಬರಬೇಕೆಂದು ಇವರು ಎಟ್ಟಯಾಪುರದ ಅರಸರಲ್ಲಿ ಬಿನ್ನವಿಸಿದರು. ಅರಸರ ಅಪ್ಪಣೆಯಾಯಿತು; ದೀಕ್ಷಿತರು ಸುಮಾರು 60ರ ವಯಸ್ಸಿನಲ್ಲಿ ಲೇಖನಿ ಹಿಡಿದರು.

1904ರಲ್ಲಿ ಎಟ್ಟಯಾಪುರದ ವಿದ್ಯಾವಿಲಾಸಿನೀ ಮುದ್ರಣಾಲಯದಿಂದ ತೆಲುಗು ಲಿಪಿಯಲ್ಲಿ ಹೊರಬಂದ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯೇ ಆ ಶ್ರಮದ ಫಲ. ಸುಮಾರು 1,700 ಪುಟಗಳ ಈ ಗ್ರಂಥದಲ್ಲಿ 72 ಮೇಳಗಳ ಕ್ರಮದಂತೆ ರಾಗಲಕ್ಷಣ, ಗೀತ, ಕೃತಿ, ಸಂಚಾರಿಗಳಿವೆ, ಮುತ್ತುಸ್ವಾಮಿ ದೀಕ್ಷಿತರ 229 ಕೃತಿಗಳಿವೆ, ವಾಗ್ಗೇಯಕಾರರ ಚರಿತ್ರೆಗಳಿವೆ. ನಮ್ಮ ಪುರಂದರದಾಸರ ಸುಳಾದಿಗಳೂ ಸ್ವರಸಹಿತವಾಗಿ ಇದರಲ್ಲಿ ಉಳಿದುಬಂದಿವೆಯೆಂಬುದನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯತಕ್ಕದ್ದು.

ಬರಿಯ ಸರಿಗಮಗಳನ್ನು ಬರೆದರೆ ರಾಗದ ಅಸ್ಥಿಪಂಜರ ದೊರೆತೀತು, ಜೀವ ದೊರೆಯದು. ಇದನ್ನರಿತ ದೀಕ್ಷಿತರು ಕಂಪಿತ, ಸ್ಫುರಿತ, ಜಾರು ಮೊದಲಾದ ಗಮಕಗಳಿಗೆ ಬೇರೆಬೇರೆ ಚಿಹ್ನೆಗಳನ್ನು ಗೊತ್ತುಮಾಡಿ, ಅವುಗಳ ಅರ್ಥವನ್ನು ವಿವರಿಸಿ, ಸ್ವರಾಕ್ಷರಗಳೊಡನೆ ಮುದ್ರಿಸಿದರು. ಗುರುವಿನ ಸಾನ್ನಿಧ್ಯವಿಲ್ಲದ ಓದುಗನಿಗೂ ಸ್ವರದ ಚಲನೆ ತಿಳಿಯಲೆಂಬುದೇ ಇದರ ಉದ್ದೇಶ. ಗ್ರಂಥ ಹೊರಬಂದ 2 ವರ್ಷಗಳಲ್ಲಿ, 1906ರಲ್ಲಿ, ದೀಕ್ಷಿತರು ಸ್ವರ್ಗಸ್ಥರಾದರು. ತಡವಾಗಿದ್ದರೆ ಏನೇನು ಮಣ್ಣುಪಾಲಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಮದರಾಸಿನ ಸಂಗೀತ ಅಕಾಡೆಮಿಯವರು 1961ರಿಂದ ಮೊದಲ್ಗೊಂಡು ಈ ಗ್ರಂಥವನ್ನು ತಮಿಳು ಲಿಪಿಯಲ್ಲಿ ಸಂಪುಟಗಳಾಗಿ ಪ್ರಕಟಿಸಿದರು. ಇನ್ನು ಮುಂದೆ ಇದನ್ನಾಗಲಿ ಇಂಥ ಬೇರೆ ಗ್ರಂಥಗಳನ್ನಾಗಲಿ ಸಾಮಾನ್ಯ ರಸಿಕರಿಗಾಗಿ ಅಚ್ಚುಹಾಕಿಸುವವರಿಗೆ ನಮ್ಮದೊಂದು ವಿಜ್ಞಾಪನೆಯುಂಟು. ಓದುಗನಿಗೆ ಕಷ್ಟವಾದೀತೆಂದು ಗಮಕದ ಚಿಹ್ನೆಗಳನ್ನು ಬಿಡಬಾರದು. ಇಂದಿನ ಗಾಯಕರ ರೂಢಿಗೆ ಹೊಂದಿಸಲು ಹಳೆಯ ಪಾಠವನ್ನು ತಿದ್ದಬಾರದು. ಮೂಲವನ್ನು ಮೂಲವಾಗಿಯೇ ಇಟ್ಟು, ವಿವರಣೆಯನ್ನು ಪ್ರತ್ಯೇಕವಾಗಿ ತಿಳಿಗನ್ನಡದಲ್ಲಿ ಕೊಡಲಿ. ಅರಿಯಲಾರನೆಂದು ರಸಿಕನಿಂದ ಮುಚ್ಚಿಡುವುದೂ, ಹಿಂದಿನವರು ಓಲೆಯನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟುದೂ ಒಂದೇ. ದೀಕ್ಷಿತರು ತೆರೆದ ಪೆಟ್ಟಿಗೆಯನ್ನು ನಾವು ಪುನಃ ಮುಚ್ಚುವುದು ಸಲ್ಲದು.