ರೋಮಾಪುರಿಯ ವಿದ್ಯಾರ್ಥಿ ಮತೇವುಸ್ ದೆ ಕಾಸ್ತ್ರೊ

ನಮ್ಮ ಕರಾವಳಿಯ ಯಾಜಕರು ಉನ್ನತ ವ್ಯಾಸಂಗಕ್ಕೆಂದು ರೋಮ್ ನಗರಕ್ಕೆ ತೆರಳುವುದು ಇಂದು ಸಾಮಾನ್ಯ ಸಂಗತಿ. ಊರಿನ ಇಗರ್ಜಿಯಲ್ಲಿ ಬೀಳ್ಕೊಡುಗೆಯಾಗುತ್ತದೆ, ಮರುದಿನವೇ ಅವರು ವಿಮಾನದಿಂದಿಳಿದು ಅಲ್ಲಿರುತ್ತಾರೆ. ಆದರೆ ಸುಮಾರು 400 ವರ್ಷಗಳ ಹಿಂದೆ, ತಾಯ್ನಾಡಿನಲ್ಲಿ ಗುರುದೀಕ್ಷೆ ದೊರೆಯಲಿಲ್ಲವೆಂಬ ಕಾರಣಕ್ಕೆ ಅದೇ ನಗರವನ್ನು ಹುಡುಕಿಕೊಂಡು ಹೊರಟು, ನಾಲ್ಕು ವರ್ಷ ದಾರಿ ಸವೆಸಿ, ಮೂವತ್ತು ದಾಟಿದ ವಯಸ್ಸಿನಲ್ಲಿ ವಿದ್ಯಾರ್ಥಿಯಾದವರೊಬ್ಬರಿದ್ದರು. ಅವರೇ ಮುಂದೆ ವಿಜಾಪುರ ರಾಜ್ಯಕ್ಕೆ ಪೋಪರ ಪ್ರತಿನಿಧಿ ಧರ್ಮಾಧ್ಯಕ್ಷರಾಗಿ ನೇಮಕಗೊಂಡ ಮತೇವುಸ್ ದೆ ಕಾಸ್ತ್ರೊ. ಧರ್ಮಸಭೆಯ ಚರಿತ್ರೆಯನ್ನು ಓದಿದವರಿಗೆ ಈ ಹೆಸರು ಹೊಸದಲ್ಲ. ಅವರ ವಿದ್ಯಾರ್ಥಿ ಜೀವನದ ಕಡೆಗೆ ಮಾತ್ರ ನಾವು ಅಷ್ಟಾಗಿ ಗಮನ ಹರಿಸಿಲ್ಲ.

ಮತೇವುಸರು ಸುಮಾರು 1594ರಲ್ಲಿ ಗೋವೆಯ ದಿವಾರ್ ದ್ವೀಪದಲ್ಲಿ, ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ್ದ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ರೇಯಿಸ್ ಮಾಗೂಸ್‌ನಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ನಡೆಸುತ್ತಿದ್ದ ವಿದ್ಯಾಲಯದಲ್ಲಿ ಅವರ ಓದು ಸಾಗಿತು. ಯಾಜಕನಾಗಬೇಕೆಂಬ ಅವರ ಹಂಬಲಕ್ಕೆ ಗೋವೆಯ ಅಂದಿನ ಮಹಾಧರ್ಮಾಧ್ಯಕ್ಷರು ಒಪ್ಪಿಗೆ ನೀಡಲಿಲ್ಲ. ಈ ನೆಲದವರ ಕೈಗೆ ಬಲಿಪೀಠವನ್ನು ಒಪ್ಪಿಸಲು ಪೋರ್ಚುಗೀಸ್ ಅಧಿಕಾರಿಗಳಿಗೆ ಆಗ ಮನಸ್ಸಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ದಿವಾರಿನ ಹೊಲ ತೆಂಗುಗಳ ನಡುವೆ ಬದುಕು ಕಳೆಯುತ್ತಿದ್ದರೇನೋ. ಮತೇವುಸರು 1621ರಲ್ಲಿ ಗೋವೆಯನ್ನು ಬಿಟ್ಟರು. ಪೋರ್ಚುಗೀಸರ ಹಡಗನ್ನೇರದೆ, ಕಾರ್ಮೆಲ್ ಸಭೆಯ ಗುರುಗಳ ನೆರವಿನಿಂದ ಪಾರಸೀಕ ದೇಶದ ಮೂಲಕ ಸಾಗಿ, ಜೆರುಸಲೇಮಿನ ದರ್ಶನವನ್ನೂ ಮುಗಿಸಿಕೊಂಡು 1625ರಲ್ಲಿ ರೋಮ್ ತಲುಪಿದರು.

ಅದು ಜೂಬಿಲಿ ವರ್ಷ. ಯಾತ್ರಿಕರಿಂದ ನಗರ ತುಂಬಿತ್ತು. ಸಂತ ಪೇತ್ರರ ಹೊಸ ಮಹಾದೇವಾಲಯ ಕಟ್ಟಿ ಮುಗಿದಿದ್ದರೂ ಇನ್ನೂ ಪ್ರತಿಷ್ಠೆಯಾಗಿರಲಿಲ್ಲ. ಎಂಟನೆಯ ಉರ್ಬಾನ್ ಪೋಪರು ಅದನ್ನು ಪ್ರತಿಷ್ಠಾಪಿಸಿದ್ದು 1626ರ ನವೆಂಬರ್ 18ರಂದು. ಬಲಿಪೀಠದ ಮೇಲಿನ ಕಂಚಿನ ಮಹಾಮಂಟಪವನ್ನು ಶಿಲ್ಪಿ ಬೆರ್ನಿನಿ ಆ ವರ್ಷಗಳಲ್ಲೇ ನಿರ್ಮಿಸುತ್ತಿದ್ದರು. ನಮ್ಮ ವಿದ್ಯಾರ್ಥಿಯ ಕಣ್ಣೆದುರು ಮೇಲೇಳುತ್ತಿದ್ದ ರೋಮ್ ಇಂತಹುದು.

ಮತೇವುಸರ ಭಾಗ್ಯವೆಂದರೆ ಅವರು ತಕ್ಕ ಸಮಯಕ್ಕೆ ಬಂದಿದ್ದರು. ಪ್ರೊಪಗಾಂಡ ಫೀದೆ ಎಂಬ ವಿಶ್ವಾಸ ಪ್ರಸಾರ ಸಭೆ 1622ರಲ್ಲಷ್ಟೇ ಸ್ಥಾಪನೆಯಾಗಿತ್ತು. ಮಿಶನ್ ನಾಡುಗಳ ಧರ್ಮಕಾರ್ಯ ಅರಸರ ಮುಷ್ಟಿಯಿಂದ ಬಿಡುಗಡೆ ಹೊಂದಬೇಕು, ಆಯಾ ನಾಡಿನ ಮಕ್ಕಳೇ ಅಲ್ಲಿ ಯಾಜಕರಾಗಬೇಕು ಎಂಬುದು ಅದರ ಮೊದಲ ಕಾರ್ಯದರ್ಶಿ ಫ್ರಾಂಚೆಸ್ಕೊ ಇಂಗೋಲಿಯವರ ದೃಢ ನಿಲುವು. ಅಂತಹವರ ಮುಂದೆ ಲತೀನ್ ಬಲ್ಲ, ಓದುವ ಹಸಿವುಳ್ಳ, ಗೋವೆಯ ಒಳಹೊರಗನ್ನು ಅರಿತ ಕೊಂಕಣಿಗರೊಬ್ಬರು ಬಂದು ನಿಂತರು. ಗುರುಶಿಷ್ಯ ಸಂಬಂಧಕ್ಕಿಂತ ಹೆಚ್ಚಿನದೊಂದು ನಂಟು ಅಲ್ಲಿ ಬೆಳೆಯಿತೆಂದರೆ ತಪ್ಪಾಗಲಾರದು.

ಪ್ರೊಪಗಾಂಡದ ಆಶ್ರಯದಲ್ಲಿ ಅವರು ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ವ್ಯಾಸಂಗ ಮಾಡಿದರು. ಆಗ ರೋಮಿನ ಪಾಠವೆಲ್ಲ ಲತೀನಿನಲ್ಲೇ. 1626ರಲ್ಲಿ ಪ್ರೊಪಗಾಂಡದ ಮುದ್ರಣಾಲಯ ಆರಂಭವಾಗಿ ಪೂರ್ವದೇಶಗಳ ಲಿಪಿಗಳಲ್ಲಿ ಅಚ್ಚು ಹಾಕತೊಡಗಿತು. 1627ರಲ್ಲಿ ಉರ್ಬಾನ್ ಪೋಪರು ಎಲ್ಲ ನಾಡುಗಳ ವಿದ್ಯಾರ್ಥಿಗಳಿಗಾಗಿ ಕಾಲೇಜೊಂದನ್ನು ಸ್ಥಾಪಿಸಿದರು. ಉರ್ಬಾನ್ ಕಾಲೇಜೆಂದು ಅದು ಇಂದಿಗೂ ಇದೆ. ಓದಿನ ಜೊತೆಗೆ ಮತೇವುಸರು ಕೈಗೊಂಡ ಇನ್ನೊಂದು ಕೆಲಸ ನಮಗೆ ಹೆಚ್ಚು ಮಹತ್ತ್ವದ್ದಾಗಿ ತೋರುತ್ತದೆ. ಸ್ಥಳೀಯರಿಗೆ ಗೋವೆಯಲ್ಲಿ ಆಗುತ್ತಿದ್ದ ಅನ್ಯಾಯವನ್ನು ಅವರು ಪ್ರೊಪಗಾಂಡದ ಮುಂದೆ ಎಡೆಬಿಡದೆ ನಿವೇದಿಸಿಕೊಂಡರು. ಭಾರತೀಯರಲ್ಲಿ ಯೋಗ್ಯರಾದವರಿಗೆ ಗುರುದೀಕ್ಷೆಯನ್ನು ನಿರಾಕರಿಸಬಾರದೆಂದು 1630ರಲ್ಲಿ ಪ್ರೊಪಗಾಂಡ ತೀರ್ಮಾನಿಸಿತು. ಸರಿಸುಮಾರು ಅದೇ ಹೊತ್ತಿಗೆ ಮತೇವುಸರೂ ರೋಮಿನಲ್ಲೇ ಯಾಜಕರಾದರು.

ಇಲ್ಲಿ ನಮ್ಮ ಓದುಗರಿಗೆ ರುಚಿಸಬಹುದಾದ ಒಂದು ಸಂಗತಿಯಿದೆ. ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ರೋಮಿನ ಪ್ರವಾಸಿ 1623ರಲ್ಲಿ ಗೋವೆಯಿಂದ ಹಡಗಿನಲ್ಲಿ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಗೆ ಹೋಗಿ ವೆಂಕಟಪ್ಪ ನಾಯಕರ ಆಸ್ಥಾನವನ್ನು ಕಂಡಿದ್ದರು. ಕುಮಟೆ, ಧಾರೇಶ್ವರಗಳ ಕಡಲನ್ನು ದಾಟಿಯೇ ಆ ಹಡಗು ಹೊನ್ನಾವರವನ್ನು ಮುಟ್ಟಿರಬೇಕು. ಅವರು 1626ರಲ್ಲಿ ರೋಮಿಗೆ ಮರಳಿದರು. ಹೀಗೆ ನಮ್ಮ ಶರಾವತಿಯನ್ನು ಕಂಡ ರೋಮಿನವರೂ, ರೋಮಿನಲ್ಲಿ ಓದುತ್ತಿದ್ದ ಕೊಂಕಣದವರೂ ಒಂದೇ ಕಾಲದಲ್ಲಿ ಒಂದೇ ನಗರದಲ್ಲಿದ್ದರು.

ಓದು ಮುಗಿಸಿ ಪೋಪರ ಪತ್ರಗಳೊಡನೆ ಮರಳಿದ ಮತೇವುಸರಿಗೆ ಗೋವೆಯಲ್ಲಿ ಸ್ವಾಗತವೇನೂ ಕಾದಿರಲಿಲ್ಲ. ಆ ಪತ್ರಗಳನ್ನೇ ಅಲ್ಲಿನ ಅಧಿಕಾರಿಗಳು ಮಾನ್ಯ ಮಾಡಲಿಲ್ಲ. ಮತ್ತೆ ರೋಮಿಗೆ ಪ್ರಯಾಣ. 1637ರಲ್ಲಿ ಅವರು ಕ್ರಿಸೋಪೊಲಿಸ್‌ನ ಬಿರುದಿನ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಪೋರ್ಚುಗೀಸರ ಆಡಳಿತಕ್ಕೆ ಒಳಪಡದ ಆದಿಲಶಾಹಿ ನಾಡು ಅವರ ಪಾಲಿಗೆ ಬಂದಿತು. ವಿಜಾಪುರದ ಅಧೀನದಲ್ಲಿದ್ದ ಬಿಚೋಲಿಯಲ್ಲಿ ಅವರು ನೆಲೆ ನಿಂತರು. ಮುಂದಿನದು ದೀರ್ಘ ಜಗಳದ ಕತೆ. ಪೋರ್ಚುಗೀಸರ ವಿರುದ್ಧ ವಿಜಾಪುರದವರನ್ನೂ ಡಚ್ಚರನ್ನೂ ಎತ್ತಿಕಟ್ಟುವವರೆಗೆ ಅವರ ಕೋಪ ಬೆಳೆಯಿತು. 1653ರಲ್ಲಿ ಅವರು ಬರೆದ ಬ್ರಾಹ್ಮಣರ ಕನ್ನಡಿ ಎಂಬರ್ಥದ ಹೆಸರಿನ ಕೃತಿ ಸ್ವಜಾತಿಯವರನ್ನು ಉದ್ದೇಶಿಸಿದ್ದು. ಅವರು ಎತ್ತಿದ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ನ್ಯಾಯವನ್ನು ತನ್ನ ಜಾತಿಯ ಹಿರಿಮೆಯೊಡನೆ ಅವರು ಬೆಸೆದದ್ದು ನಮಗೆ ಒಪ್ಪಿಗೆಯಾಗುವುದಿಲ್ಲ. ರೋಮಿನ ಶಾಲೆಯಲ್ಲಿ ಹಲವು ನಾಡುಗಳ ಹೆಸರು ಕೇಳಿ ಬೆಳೆದವರಲ್ಲಿ ಈ ಸಂಕುಚಿತತೆ ಉಳಿದದ್ದು ಸೋಜಿಗವೇ ಸರಿ.

ಅವರು 1658ರಲ್ಲಿ ಮತ್ತೆ ರೋಮ್ ಸೇರಿ, ತಮಗೆ ಆಶ್ರಯ ಕೊಟ್ಟಿದ್ದ ಪ್ರೊಪಗಾಂಡದಲ್ಲೇ ಮುಪ್ಪನ್ನು ಕಳೆದು 1677ರಲ್ಲಿ ತೀರಿಕೊಂಡರು.

ಅವರು ತೆರೆದ ದಾರಿಯಲ್ಲಿ ಸೋದರ ಸಂಬಂಧದ ಕಿರಿಯ ತೋಮಸ್ ದೆ ಕಾಸ್ತ್ರೊ ರೋಮಿಗೆ ಹೋಗಿ ತೆಯಾತಿನ್ ಸಭೆಯನ್ನು ಸೇರಿ, 1670ರ ದಶಕದಲ್ಲಿ ನಮ್ಮ ಕೆನರಾಕ್ಕೇ ಪೋಪರ ಪ್ರತಿನಿಧಿ ಧರ್ಮಾಧ್ಯಕ್ಷರಾಗಿ ನೇಮಕಗೊಂಡರು. 1654ರಲ್ಲಿ ಕೆಳದಿಯವರು ಹೊನ್ನಾವರದ ಪೋರ್ಚುಗೀಸ್ ಕೋಟೆಯನ್ನು ಗೆದ್ದ ಮೇಲೆ ಇಲ್ಲಿನ ಕ್ರೈಸ್ತರು ಗುರುಗಳಿಲ್ಲದೆ ಸೊರಗಿದ್ದರು. 1678ರ ಒಪ್ಪಂದದಿಂದ ಮಿರ್ಜಾನ್, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಕೆಳದಿಯ ಅನುಮತಿ ದೊರೆಯಿತು. ಈಗ ತೋಮಸರ ಮಾತನ್ನು ಕೇಳಬೇಕೋ, ಗೋವೆಯ ಮಹಾಧರ್ಮಾಧ್ಯಕ್ಷರ ಮಾತನ್ನೋ ಎಂಬ ಗೊಂದಲ ಹುಟ್ಟಿತು. ಯಾರ ಅಪ್ಪಣೆಯಿಂದ ನಡೆದ ಸಂಸ್ಕಾರ ಸಿಂಧುವೆಂಬುದೇ ತಿಳಿಯದೆ ಜನ ಇಬ್ಭಾಗವಾದರು. 1681ರಲ್ಲಿ ಗೋವೆಯಿಂದ ಕೆನರಾಕ್ಕೆ ಬಂದ ಜೋಸೆಫ್ ವಾಜರು ತಾಳ್ಮೆಯಿಂದ ತೋಮಸರೊಡನೆ ಮಾತುಕತೆ ನಡೆಸಿ, ಕಾರ್ಯ ಕೆಡದಂತೆ ನೋಡಿಕೊಂಡರು. 2015ರಲ್ಲಿ ಸಂತಪದವಿಗೇರಿದ ಈ ವಾಜರು ಓದಿದ್ದು ಗೋವೆಯಲ್ಲಿ. 1676ರಲ್ಲಿ ಅವರಿಗೆ ಗುರುದೀಕ್ಷೆಯಾದದ್ದೂ ಗೋವೆಯಲ್ಲೇ. ಅವರೂ ಕೊಂಕಣಿ ಬ್ರಾಹ್ಮಣ ಮನೆತನದವರು. ಅವರು ದೀಕ್ಷೆಗಾಗಿ ರೋಮಿನವರೆಗೆ ಹೋಗಬೇಕಾಗಿ ಬರಲಿಲ್ಲ.