ರಕ್ತಕ್ಕೆ ಗುಂಪುಂಟು, ಜಾತಿಯಿಲ್ಲ: ಕಾರ್ಲ್ ಲ್ಯಾಂಡ್‌ಸ್ಟೈನರ್

ಈಗ ಶಾಲಾ ಮಕ್ಕಳ ಗುರುತಿನ ಚೀಟಿಯಲ್ಲಿ ಹೆಸರು, ತರಗತಿಯ ಕೆಳಗೆ ರಕ್ತದ ಗುಂಪನ್ನೂ ಬರೆಯುವುದುಂಟು. ಆ ಒಂದೆರಡು ಅಕ್ಷರಗಳ ಹಿಂದೆ ಒಬ್ಬ ಮನುಷ್ಯನ ಜೀವಮಾನದ ದುಡಿಮೆಯಿದೆ. ವಿಜ್ಞಾನದ ಮೇಷ್ಟ್ರಾಗಿ ಈ ಪಾಠವನ್ನು ಹಲವು ವರ್ಷ ಹೇಳಿದ ನನಗೆ, ಪಠ್ಯಪುಸ್ತಕದಲ್ಲಿ ಒಂದೇ ಸಾಲಿಗೆ ಮುಗಿದುಹೋಗುವ ಅವರ ಬಾಳನ್ನು ಈ ಸುವರ್ಣ ಮಹೋತ್ಸವ ಸಂಚಿಕೆಯಲ್ಲಿ ತುಸು ಬಿಡಿಸಿ ಬರೆಯಬೇಕೆನಿಸಿತು.

ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ್ದು 1868ರ ಜೂನ್ 14ರಂದು, ಆಸ್ಟ್ರಿಯಾದ ವಿಯೆನ್ನಾ ನಗರದ ಸಮೀಪ. ತಂದೆ ಪತ್ರಕರ್ತರು. ಮಗನಿಗೆ ಆರು ವರ್ಷವಾಗಿದ್ದಾಗ ಅವರು ತೀರಿಕೊಂಡರು. ತಾಯಿಯೇ ಸಾಕಿ ಓದಿಸಿದರು. 1891ರಲ್ಲಿ ವೈದ್ಯ ಪದವಿ ಪಡೆದ ಕಾರ್ಲ್, ರೋಗಿಗಳ ನಾಡಿ ಹಿಡಿಯುವುದಕ್ಕಿಂತ ರಸಾಯನಶಾಸ್ತ್ರ ಕಲಿಯುವುದರಲ್ಲೇ ಹೆಚ್ಚು ಮನಸ್ಸಿಟ್ಟರು. ಮುಂದೆ ಹತ್ತು ವರ್ಷ ವಿಯೆನ್ನಾದಲ್ಲಿ ಶವಪರೀಕ್ಷೆಯ ಕೆಲಸ ಮಾಡಿದರು. ಅವರು ನಡೆಸಿದ ಶವಪರೀಕ್ಷೆಗಳೇ ಮೂರು ಸಾವಿರಕ್ಕೂ ಹೆಚ್ಚು.

ಆಗ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಟ್ಟರೆ ಕೆಲವರು ಬದುಕುತ್ತಿದ್ದರು, ಕೆಲವರು ಸಾಯುತ್ತಿದ್ದರು. ಕಾರಣ ಯಾರಿಗೂ ತಿಳಿದಿರಲಿಲ್ಲ. ಲ್ಯಾಂಡ್‌ಸ್ಟೈನರ್ ತಮ್ಮ ಮತ್ತು ಜೊತೆ ಕೆಲಸಗಾರರ ರಕ್ತವನ್ನೇ ತೆಗೆದು, ಕೆಂಪುಕಣಗಳನ್ನೂ ತಿಳಿಯಾದ ಸೀರಮ್ಮನ್ನೂ ಬೇರ್ಪಡಿಸಿ, ಒಬ್ಬರದನ್ನು ಇನ್ನೊಬ್ಬರದರೊಡನೆ ಬೆರೆಸಿ ನೋಡಿದರು. ಕೆಲವು ಜೋಡಿಗಳಲ್ಲಿ ಕಣಗಳು ಗಂಟುಗಟ್ಟಿದವು, ಕೆಲವುಗಳಲ್ಲಿ ಇಲ್ಲ. ಈ ಲೆಕ್ಕದಿಂದಲೇ 1901ರಲ್ಲಿ ಮೂರು ಗುಂಪುಗಳನ್ನು ಗುರುತಿಸಿದರು. ಅವನ್ನೇ ನಾವೀಗ ಎ, ಬಿ, ಓ ಎನ್ನುತ್ತೇವೆ. ನಾಲ್ಕನೆಯದಾದ ಎಬಿ ಗುಂಪನ್ನು ಮರುವರ್ಷ ಅವರ ಜೊತೆಗಾರರು ಕಂಡರು.

ಈ ಗುಂಪು ತಂದೆ ತಾಯಿಯಿಂದ ಬರುವ ಗುಣವೆಂದು 1910ರ ಹೊತ್ತಿಗೆ ಬೇರೆ ವಿಜ್ಞಾನಿಗಳು ತೋರಿಸಿದರು. ಅವರಲ್ಲೊಬ್ಬರಾದ ಲುಡ್ವಿಕ್ ಹಿರ್ಷ್‌ಫೆಲ್ಡ್, ಮೊದಲ ಮಹಾಯುದ್ಧದ ಕಾಲದಲ್ಲಿ ಪತ್ನಿ ಹನ್ನಾ ಅವರೊಡನೆ ಗ್ರೀಸಿನ ಸಲೋನಿಕಾದಲ್ಲಿ ಹಲವು ದೇಶಗಳ ಸೈನಿಕರ ರಕ್ತ ಪರೀಕ್ಷಿಸಿದರು. ಅಲ್ಲಿ ಭಾರತೀಯ ಸಿಪಾಯಿಗಳೂ ಇದ್ದರು. ಅವರಲ್ಲಿ ಬಿ ಗುಂಪಿನವರು ಇಂಗ್ಲಿಷರಲ್ಲಿರುವುದಕ್ಕಿಂತ ಬಹಳ ಹೆಚ್ಚು. ಆದರೆ ಪರೀಕ್ಷಿಸಿದ ಪ್ರತಿ ಜನಾಂಗದಲ್ಲೂ ಎ, ಬಿ, ಓ ಮೂರೂ ಇದ್ದವು. ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ.

ಲ್ಯಾಂಡ್‌ಸ್ಟೈನರ್ ಅವರ ಇನ್ನೊಂದು ಕೆಲಸ ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಪೋಲಿಯೋದಿಂದ ತೀರಿಕೊಂಡ ಮಗುವಿನ ಬೆನ್ನುಹುರಿಯ ಅಂಶವನ್ನು 1908ರಲ್ಲಿ ಎರ್ವಿನ್ ಪಾಪ್ಪರ್ ಜೊತೆಗೂಡಿ ಕೋತಿಗಳಿಗೆ ಚುಚ್ಚಿ, ಅವಕ್ಕೂ ಅದೇ ರೋಗ ಬರುವುದನ್ನು ತೋರಿಸಿದರು. ಬ್ಯಾಕ್ಟೀರಿಯಾ ಸಿಗಲಿಲ್ಲ. ಕಣ್ಣಿಗೆ ಕಾಣದ ವೈರಸ್ಸೇ ಇದಕ್ಕೆ ಕಾರಣವಿರಬೇಕೆಂದು ಊಹಿಸಿದರು. ಪೋಲಿಯೋ ಲಸಿಕೆಯ ದೂರದ ದಾರಿ ಅಲ್ಲಿಂದ ಶುರುವಾಯಿತು. 2014ರಲ್ಲಿ ನಮ್ಮ ದೇಶ ಪೋಲಿಯೋ ಮುಕ್ತವೆಂದು ಘೋಷಣೆಯಾಯಿತು.

ಯುದ್ಧದ ನಂತರ ವಿಯೆನ್ನಾದಲ್ಲಿ ಬದುಕು ಕಷ್ಟವಾಯಿತು. 1919ರಲ್ಲಿ ಹೆಂಡತಿ ಮಗನೊಡನೆ ಹಾಲೆಂಡಿಗೆ ಹೋಗಿ, ಒಂದು ಚಿಕ್ಕ ಆಸ್ಪತ್ರೆಯಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡಿಕೊಂಡು ಜೀವನ ನಡೆಸಿದರು. ಬಳಿಕ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆ ಕರೆಸಿಕೊಂಡಿತು. ನೊಬೆಲ್ ಪ್ರಶಸ್ತಿ ಬಂದದ್ದು 1930ರಲ್ಲಿ, ರಕ್ತದ ಗುಂಪು ಕಂಡ 29 ವರ್ಷಗಳ ಮೇಲೆ. ಅಷ್ಟಕ್ಕೂ ಅವರು ನಿಲ್ಲಲಿಲ್ಲ. 72ರ ಆಸುಪಾಸಿನಲ್ಲಿ, 1940ರಲ್ಲಿ, ಅಲೆಕ್ಸಾಂಡರ್ ವೀನರ್ ಜೊತೆ ಆರ್‌ಎಚ್ ಅಂಶವನ್ನು ಪ್ರಕಟಿಸಿದರು. ಗುಂಪಿನ ಮುಂದೆ ನಾವು ಬರೆಯುವ ಪಾಸಿಟಿವ್, ನೆಗೆಟಿವ್ ಅದೇ. 1943ರ ಜೂನ್‌ನಲ್ಲಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗಲೇ ಹೃದಯಾಘಾತವಾಗಿ, ಎರಡು ದಿನಗಳ ನಂತರ 26ರಂದು ಕೊನೆಯುಸಿರೆಳೆದರು. ಅವರ ಹುಟ್ಟಿದ ದಿನವೇ ಇಂದು ವಿಶ್ವ ರಕ್ತದಾನಿಗಳ ದಿನ.

ಊರಿನವರಿಗೆ ನಾನು ಹೇಳಬೇಕಾದ ಮಾತು ಇಲ್ಲಿದೆ. ಅಣ್ಣನ ರಕ್ತವೇ ತಮ್ಮನಿಗೆ ಆಗಬೇಕು, ನಮ್ಮವರದೇ ಬೇಕು ಎಂಬ ಹಟ ಇನ್ನೂ ಹೋಗಿಲ್ಲ. ಎ ಗುಂಪಿನ ತಂದೆ, ಬಿ ಗುಂಪಿನ ತಾಯಿಗೆ ಹುಟ್ಟಿದ ನಾಲ್ಕು ಮಕ್ಕಳಲ್ಲಿ ನಾಲ್ಕು ಗುಂಪೂ ಇರಬಹುದು. ಒಡಹುಟ್ಟಿದವರದು ಹೊಂದದೆ, ಮುಖ ನೋಡದವರದು ಹೊಂದಬಹುದು. ದಾನವಾಗಿ ಬಂದ ಪ್ರತಿ ಬಾಟಲಿ ರಕ್ತವನ್ನೂ ಗುಂಪಿಗಾಗಿ ನೋಡುವಂತೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ವೈರಸ್ಸುಗಳಿಗಾಗಿಯೂ ಪರೀಕ್ಷಿಸಲೇಬೇಕು. ಮೊದಲನೆಯದು ಹುಟ್ಟಿನಿಂದ ಬಂದದ್ದು, ಎರಡನೆಯದು ತಗುಲಿದ ಸೋಂಕು. ಎರಡೂ ಯಾರ ಮಾನಾವಮಾನದ ವಿಷಯವಲ್ಲ. ಪರೀಕ್ಷೆಯಲ್ಲಿ ಸೋಂಕು ಕಂಡರೆ ಬಚ್ಚಿಡದೆ ಚಿಕಿತ್ಸೆಗೆ ಹೋಗಬೇಕು. ನೆರೆಹೊರೆಯವರು ಅವರನ್ನು ದೂರವಿಡಬಾರದು.

ಹಳೆಯ ವಿದ್ಯಾರ್ಥಿಗಳು ತಮ್ಮ ರಕ್ತದ ಗುಂಪನ್ನು ತಿಳಿದುಕೊಂಡು, ಶಕ್ತರಾದವರು ವರ್ಷಕ್ಕೊಮ್ಮೆಯಾದರೂ ರಕ್ತ ಕೊಟ್ಟರೆ, ಈ ಶಾಲೆಯಲ್ಲಿ ಕಲಿತ ವಿಜ್ಞಾನ ಯಾರದೋ ಮನೆಯ ದೀಪವನ್ನು ಉಳಿಸೀತು.